ಪಕ್ಕದವರ ದನಿ ಕೇಳಬೇಕು: ಸಣ್ಣ ಚರ್ಚಿನಲ್ಲಿ ಎಲ್ಲರನ್ನೂ ಹಾಡಿಸುವ ಬಗೆ

ನಮ್ಮ ಚರ್ಚಿನಲ್ಲಿ ಇನ್ನೂರು ಜನ ಕೂರಬಹುದು. ಆದಿತ್ಯವಾರ ಬರುವುದು ಐವತ್ತೋ ಅರುವತ್ತೋ. ಆಟಿ ತಿಂಗಳ ಮಳೆಯಲ್ಲಿ ಮೂವತ್ತಕ್ಕೂ ಇಳಿಯುತ್ತದೆ. ಉಡುಪಿ ಕಡೆಯ ಹಳೆಯ ಬಾಸೆಲ್ ಮಿಶನ್ ಚರ್ಚು, ಈಗ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಹಂಚಿನ ಮಾಡು, ದಪ್ಪ ಗೋಡೆ, ಎತ್ತರದ ಕಿಟಕಿಗಳು. ಮೂವತ್ತನಾಲ್ಕು ವರ್ಷಗಳಿಂದ ಅಲ್ಲಿ ಹಾಡು ಎತ್ತಿಕೊಡುವ ಕೆಲಸ ನನ್ನದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಸಂಗೀತದ ಒಂದು ಪರೀಕ್ಷೆಯನ್ನೂ ಪಾಸು ಮಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಸಂಗೀತ ಗೊತ್ತಿರುವವರು ಮಾತ್ರ ಈ ಕೆಲಸ ಮಾಡಬಹುದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ.

ಹೋದ ವರ್ಷ ಬೇರೆ ಊರಿನ ಚರ್ಚಿನ ಹುಡುಗಿಯೊಬ್ಬಳು ಬಂದು ಕೇಳಿದಳು. "ಟೀಚರ್, ನಾವು ನಾಲ್ಕು ಜನ ಮೈಕ್ ಹಿಡಿದು ಹಾಡುತ್ತೇವೆ. ಉಳಿದವರು ನಮ್ಮನ್ನು ನೋಡುತ್ತಾ ನಿಲ್ಲುತ್ತಾರೆ. ಏನು ಮಾಡುವುದು?" ಅವಳಿಗೆ ಚಾ ಕೊಟ್ಟು ಎರಡು ಗಂಟೆ ಮಾತಾಡಿದೆ. ಅದನ್ನೇ ಸ್ವಲ್ಪ ಸರಿಮಾಡಿ ಬರೆಯುತ್ತಿದ್ದೇನೆ.

ಮೊದಲು ಸುಮ್ನೆ ಕೇಳಿ

ಒಂದು ಆದಿತ್ಯವಾರ ನೀವು ಹಾಡಿಸಬೇಡಿ. ಯಾರಿಗಾದರೂ ಒಪ್ಪಿಸಿ, ಹಿಂದಿನಿಂದ ನಾಲ್ಕನೇ ಬೆಂಚಿನಲ್ಲಿ ಹೋಗಿ ಕೂತುಕೊಳ್ಳಿ. ಎಲ್ಲರೂ ಎದ್ದು ಹಾಡುವಾಗ ನೀವೂ ಮೆಲ್ಲಗೆ ಹಾಡುತ್ತಾ ಕಿವಿ ಕೊಡಿ. ಎಷ್ಟು ಜನರ ದನಿ ಬೇರೆ ಬೇರೆಯಾಗಿ ಗುರುತು ಹತ್ತುತ್ತದೆ? ಬಲಗಡೆಯ ಅಜ್ಜಿಯದು, ಹಿಂದಿನ ಅಂಗಡಿಯವರದು, ಎದುರಿನ ಹೈಸ್ಕೂಲ್ ಹುಡುಗನದು ಹೀಗೆ ಮೂರಾದರೂ ಸಿಕ್ಕಿದರೆ ನಿಮ್ಮ ಚರ್ಚು ಹಾಡುತ್ತಿದೆ. ಸ್ಪೀಕರ್ ಮಾತ್ರ ಕೇಳಿದರೆ ಚರ್ಚು ಹಾಡುತ್ತಿಲ್ಲ, ಹಾಡನ್ನು ಕೇಳುತ್ತಿದೆ. ನನಗೆ ಗೊತ್ತಿರುವ ಪರೀಕ್ಷೆ ಇದೊಂದೇ. ಮುಂದೆ ಬರೆದಿರುವುದೆಲ್ಲ ಇದರಲ್ಲಿ ಪಾಸಾಗಲು.

ದೇವರಿಗೆ ಹಾಡುವಾಗ ಪಕ್ಕದವರ ದನಿ ಯಾಕೆ ಕೇಳಬೇಕು ಎಂದು ನಮ್ಮ ಯುವಕರು ಒಮ್ಮೆ ವಾದ ಮಾಡಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ, 16ನೇ ವಚನ ತೆಗೆದು ಓದಿಸಿದೆ. ಕೀರ್ತನೆಗಳಿಂದಲೂ ಹಾಡುಗಳಿಂದಲೂ ಒಬ್ಬರಿಗೊಬ್ಬರು ಕಲಿಸಿ, ಬುದ್ಧಿಹೇಳಿ ಎನ್ನುತ್ತಾನೆ ಪೌಲ. ಹಾಡು ದೇವರಿಗೆ ಸಲ್ಲುವುದು ಸರಿ, ಆದರೆ ದಾರಿಯಲ್ಲಿ ಪಕ್ಕದವರ ಕಿವಿಯನ್ನು ಹಾದು ಹೋಗಬೇಕು. ಈ ವಾರ ಕೆಲಸ ಕಳೆದುಕೊಂಡವನೊಬ್ಬ ಬಾಯಿ ಬಾರದೆ ನಿಂತಿರುತ್ತಾನೆ. ಹಿಂದಿನ ಬೆಂಚಿನವರು ಅವನ ಪಾಲನ್ನೂ ಹಾಡುತ್ತಾರೆ. ಮುಂದಿನ ತಿಂಗಳು ಸರದಿ ಬದಲಾಗುತ್ತದೆ.

ಇದನ್ನು ನಾವು ಕಳೆದುಕೊಂಡು ಕಲಿತೆವು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಆ ವರ್ಷ ಈಸ್ಟರ್ ಏಪ್ರಿಲ್ 12ಕ್ಕೆ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಸೇರಿ ಹಾಡೋಣ ಎಂದು ಹೊರಟೆವು. ನಾನು ಮೊದಲ ಸಾಲು ಹಾಡಿದೆ. ಒಬ್ಬರ ದನಿ ಅರ್ಧ ಸೆಕೆಂಡು ತಡವಾಗಿ ಬಂತು, ಇನ್ನೊಬ್ಬರದು ಒಂದು ಸೆಕೆಂಡು. ನಡುವೆ ಯಾರದೋ ಮನೆಯ ಕುಕ್ಕರ್ ಕೂಗಿತು. ಸಂತೆಯ ಹಾಗಾಯಿತು. ಮಾತನ್ನಾದರೆ ಫೋನಿನಲ್ಲಿ ಸರದಿಯಂತೆ ಆಡಬಹುದು. ಒಟ್ಟಿಗೆ ಹಾಡುವುದಕ್ಕೆ ಎಲ್ಲರ ದನಿಯೂ ಒಂದೇ ಗಳಿಗೆಗೆ ತಲುಪಬೇಕು, ಅದು ಆ ಕರೆಗಳಲ್ಲಿ ಆಗಲಿಲ್ಲ. ಕೊನೆಗೆ ಎಲ್ಲರೂ ಮೈಕ್ ಮುಚ್ಚಿ, ನಾನೊಬ್ಬಳೇ ಹಾಡಿದೆ. ಪರದೆಯ ತುಂಬಾ ತುಟಿಗಳು ಅಲ್ಲಾಡುತ್ತಿದ್ದವು, ಒಂದರಿಂದಲೂ ಶಬ್ದವಿಲ್ಲ. ಆ ದಿನ ಹಾಡಿ ಮುಗಿಸಿ ಅಡಿಗೆಮನೆಗೆ ಹೋಗಿ ಅತ್ತಿದ್ದೇನೆ. ಗಣಿತದ ಟೀಚರ್ ಅಳುವುದಿಲ್ಲ ಎಂದು ನಮ್ಮ ಮನೆಯವರು ನಂಬಿದ್ದರು.

ಶ್ರುತಿ ಇಳಿಸಿ

ಜನ ಹಾಡದೇ ಇರುವುದಕ್ಕೆ ಭಕ್ತಿ ಕಡಿಮೆ ಎಂದು ಕಾರಣ ಹುಡುಕಬೇಡಿ. ಹತ್ತರಲ್ಲಿ ಆರು ಸಲ ಶ್ರುತಿ ಎತ್ತರವಾಗಿರುತ್ತದೆ, ಅಷ್ಟೇ.

ನನಗೆ ಈ ಬುದ್ಧಿ ಬಂದದ್ದು ಒಂದು ಸಾವಿನ ಮನೆಯಲ್ಲಿ. ಅಂಗಳದಲ್ಲಿ ಶಾಮಿಯಾನ, ನಡುವೆ ಪೆಟ್ಟಿಗೆ, ಸುತ್ತ ಜನ. ಕೀಬೋರ್ಡ್ ಇಲ್ಲ. ಗಂಟಲಿಗೆ ಬಂದ ಶ್ರುತಿಯಲ್ಲಿ ಹಾಡು ಎತ್ತಿದೆ. ಮೊದಲ ಸಾಲು ಚೆನ್ನಾಗೇ ಹೋಯಿತು. ಎರಡನೇ ಸಾಲಿಗೆ ಗಂಡಸರು ನಿಂತರು. ಮೂರನೇ ಸಾಲಿಗೆ ಹೆಂಗಸರಲ್ಲಿ ಅರ್ಧ. ಕೊನೆಗೆ ಉಳಿದದ್ದು ನಾನು ಮತ್ತು ಏಳನೇ ಕ್ಲಾಸಿನ ಒಬ್ಬ ಹುಡುಗ. ಆಗ ಹಂಚಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿದ್ದ ಅಜ್ಜ ಒಬ್ಬರು ಕೈ ಎತ್ತಿ, "ಟೀಚರೇ, ಸ್ವಲ್ಪ ನಿಲ್ಲಿಸಿ" ಎಂದರು. ಕೆಮ್ಮಿ ಗಂಟಲು ಸರಿಮಾಡಿಕೊಂಡು ನನ್ನದಕ್ಕಿಂತ ಮೂರು ಸ್ವರ ಕೆಳಗಿನಿಂದ ಮತ್ತೆ ಶುರುಮಾಡಿದರು. ಇಡೀ ಅಂಗಳ ಹಾಡಿತು. ಅಷ್ಟು ಹೊತ್ತು ಗೋಡೆ ನೋಡುತ್ತಾ ಕೂತಿದ್ದ ಮಗಳು ತಲೆ ಎತ್ತದೆಯೇ ಹಾಡಿದಳು. ನನಗೆ ಮುಖ ಎಲ್ಲಿಡಲಿ ಎಂದಾಯಿತು.

ವಾದ್ಯ ಇಲ್ಲದಿರುವಾಗ ಶ್ರುತಿ ಹಿಡಿಯುವ ಉಪಾಯ ಹೀಗಿದೆ. ಹಾಡಿನಲ್ಲಿ ಅತಿ ಎತ್ತರದ ಸ್ವರ ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಳ್ಳಿ. ಹಾಡು ಎತ್ತುವ ಮೊದಲು ಆ ಜಾಗವನ್ನು ಬಾಯಿ ಮುಚ್ಚಿ ಗುನುಗಿ. ಕುತ್ತಿಗೆಯ ನರ ಬಿಗಿಯಾದರೆ ಇಳಿಸಿ. ಅಲ್ಲಿ ಆರಾಮ ಅನಿಸಿದ ಮೇಲೆ ಮೊದಲ ಸಾಲಿಗೆ ಬನ್ನಿ. ಉದಾಹರಣೆಗೆ, 1551ರಲ್ಲಿ ಜಿನೀವಾದಲ್ಲಿ ಅಚ್ಚಾದ ಒಂದು ಧಾಟಿ ಇದೆ. 100ನೇ ಕೀರ್ತನೆಯ ಹೆಸರಿನಿಂದಲೇ ಅದು ಪ್ರಸಿದ್ಧ. ಪ್ರಪಂಚದ ಅರ್ಧ ಚರ್ಚುಗಳು ಅದನ್ನು ಹಾಡುತ್ತವೆ ಎಂದರೂ ತಪ್ಪಾಗದೇನೋ. ಅದರ ಅತಿ ಎತ್ತರದ ಸ್ವರ ನಾಲ್ಕನೇ ಸಾಲಿನ ಬಾಯಲ್ಲೇ ಕೂತಿದೆ. ಮೂರು ಸಾಲು ಆರಾಮವಾಗಿ ಹೋದವರು ಅಲ್ಲಿ ಧಡ್ಡನೆ ಎಡವುತ್ತಾರೆ. ಆದರೆ ಆ ಧಾಟಿ ಪೂರ್ತಿ ಒಂದೇ ಸ್ಥಾಯಿಯೊಳಗೆ ಮುಗಿಯುತ್ತದೆ. ಜಿ ಶ್ರುತಿಯಲ್ಲಿ ಹಿಡಿದರೆ ಕೆಳಗಿನ ಡಿ ಇಂದ ಮೇಲಿನ ಡಿ ತನಕ, ಅಷ್ಟೇ. ಇಷ್ಟು ಶತಮಾನ ಉಳಿಯಲು ಅದೂ ಒಂದು ಕಾರಣ ಎಂದು ನನ್ನ ಲೆಕ್ಕ.

ಬೆಳಿಗ್ಗೆ ಎಂಟೂವರೆಯ ಆರಾಧನೆಗೆ ಆ ಮೇಲಿನ ಡಿ ದಾಟಬೇಡಿ. ಆ ಹೊತ್ತಿಗೆ ಅರ್ಧ ಜನರ ಗಂಟಲು ಇನ್ನೂ ಎದ್ದಿರುವುದಿಲ್ಲ. ಹಾಡಿನ ಪುಸ್ತಕದ ಸ್ವರಗಳು ಅದಕ್ಕಿಂತ ಮೇಲೆ ಹೋಗುತ್ತಿದ್ದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ. ಮೈನಸ್ ಎರಡು ಎಂದರೆ ಎರಡು ಅರ್ಧಸ್ವರ, ಅಂದರೆ ಒಂದು ಪೂರ್ತಿ ಸ್ವರ ಇಳಿಯುತ್ತದೆ. ಬಾರಿಸುವವನು ಬೆರಳು ಬದಲಿಸಬೇಕಾಗಿಲ್ಲ. ನಮ್ಮ ಹುಡುಗನಿಗೆ ಇದು ಮರ್ಯಾದೆಗೆ ಕಡಿಮೆ ಅನಿಸುತ್ತಿತ್ತು. "ಒರಿಜಿನಲ್ ಶ್ರುತಿ ಹಾಳಾಗುತ್ತದೆ ಆಂಟಿ" ಎನ್ನುತ್ತಿದ್ದ. ಒಂದು ಸಲ ಅವನನ್ನೇ ಎದ್ದು ಹಾಡು ಎಂದೆ. ಈಗ ಕೇಳದೆಯೇ ಇಳಿಸುತ್ತಾನೆ.

ಉಸಿರು ತೋರಿಸಿ ಶುರುಮಾಡಿ

ಹಾಡು ಶುರುವಾಗುವ ಆ ಒಂದು ಗಳಿಗೆಯಲ್ಲಿ ಎಲ್ಲ ಗೊಂದಲ ಹುಟ್ಟುವುದು. ಕೀಬೋರ್ಡ್ ಏನೋ ಬಾರಿಸುತ್ತದೆ, ಎಲ್ಲಿ ಸೇರಬೇಕೋ ತಿಳಿಯುವುದಿಲ್ಲ. ಧೈರ್ಯ ಇದ್ದವರು ಶುರುಮಾಡುತ್ತಾರೆ, ಉಳಿದವರು ಎರಡನೇ ಪದಕ್ಕೆ ಬರುತ್ತಾರೆ. ಹೀಗಾದರೆ ಜನ ಇಡೀ ಹಾಡನ್ನು ಹೆದರುತ್ತಲೇ ಹಾಡುತ್ತಾರೆ.

ಮುನ್ನುಡಿ ಚಿಕ್ಕದಾಗಿರಲಿ, ಪ್ರತಿ ವಾರವೂ ಒಂದೇ ರೀತಿ ಇರಲಿ. ನಮ್ಮಲ್ಲಿ ಕೊನೆಯ ಸಾಲನ್ನು ಒಮ್ಮೆ ಬಾರಿಸುತ್ತಾರೆ. ಅದು ಮುಗಿದ ತಕ್ಷಣ ನಾನು ತಲೆ ಎತ್ತಿ, ಎದೆ ತುಂಬಾ ಉಸಿರು ತೆಗೆದುಕೊಳ್ಳುತ್ತೇನೆ. ಹಿಂದಿನ ಬೆಂಚಿನವರಿಗೂ ಕಾಣುವ ಹಾಗೆ, ಸ್ವಲ್ಪ ನಾಟಕ ಮಾಡಿಯೇ. ನೋಡುತ್ತಿರುವವರೂ ಗೊತ್ತಿಲ್ಲದೇ ಉಸಿರು ಎಳೆಯುತ್ತಾರೆ. ಎಳೆದ ಉಸಿರನ್ನು ಬಿಡಲೇಬೇಕಲ್ವಾ? ಹಾಡಾಗಿ ಬಿಡುತ್ತಾರೆ. ಕೈ ಬೀಸುವುದು, ಒಂದು ಎರಡು ಎಣಿಸುವುದು ಏನೂ ಬೇಡ. ಒಂದು ಚರಣ ಮುಗಿದು ಇನ್ನೊಂದಕ್ಕೆ ಹೋಗುವಾಗಲೂ ಹೀಗೆಯೇ, ಪ್ರತಿ ಸಲವೂ ಅಷ್ಟೇ ಅಂತರ ಬಿಡಿ.

ನಮ್ಮಂಥ ಎತ್ತರದ ಮಾಡಿನ ಕಟ್ಟಡದಲ್ಲಿ ಶಬ್ದ ತಿರುಗಿ ಬರುತ್ತದೆ. ಮಳೆ ಬಂದರೆ ಹಂಚಿನ ಮೇಲೆ ಡೋಲು ಬಡಿದ ಹಾಗೆ. ಅಲ್ಲಿ ವೇಗವಾಗಿ ಹಾಡಿದರೆ ಪದಗಳು ಒಂದರ ಮೇಲೊಂದು ಬಿದ್ದು ಗಂಜಿಯಾಗುತ್ತವೆ. ಸ್ವಲ್ಪ ನಿಧಾನವೇ ಸರಿ. ಆದರೆ ವಯಸ್ಸಾದವರು ಸಾಲಿನ ಕೊನೆಯನ್ನು ಎಳೆಯುತ್ತಾ ಎಳೆಯುತ್ತಾ ಹಾಡು ನಡೆಯುವುದನ್ನೇ ಬಿಟ್ಟು ಕೂತುಬಿಡುವುದೂ ಉಂಟು. ಆಗ ಮೈಕಿನಲ್ಲಿ ಜೋರಾಗಿ ಹಾಡಿ ಅವರನ್ನು ಎಳೆದುಕೊಂಡು ಹೋಗಲು ನೋಡಬೇಡಿ, ಸೋಲುತ್ತೀರಿ. ಕೀಬೋರ್ಡಿನವನಿಗೆ ಸ್ವರಗಳನ್ನು ಚಿಕ್ಕದಾಗಿ ಬಿಡಿಸಿ ಬಾರಿಸಲು ಹೇಳಿ. ಕಾಲು ತಾನಾಗಿ ಮುಂದೆ ಹೋಗುತ್ತದೆ.

ಮತ್ತೆ ಮೈಕ್. ಹಾಡು ಎತ್ತುವ ತನಕ ಮೈಕ್ ಬೇಕು. ಮೊದಲ ಎರಡು ಸಾಲು ಗಟ್ಟಿಯಾದ ಮೇಲೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಮೂರನೇ ಚರಣಕ್ಕೆ ಕೀಬೋರ್ಡನ್ನೂ ನಿಲ್ಲಿಸುತ್ತೇವೆ. ಮೊದಲ ಸಲ ಹಾಗೆ ಮಾಡಿದಾಗ ಕರೆಂಟ್ ಹೋಯಿತೆಂದು ಜನ ಫ್ಯಾನ್ ನೋಡಿದರು. ಈಗ ತಿಂಗಳಿಗೊಮ್ಮೆಯಾದರೂ ಒಂದು ಚರಣ ಬರೀ ದನಿಗಳದ್ದು. ಕೀಬೋರ್ಡಿನ ಒಳಗೇ ಇರುವ ಡ್ರಮ್ಮಿನ ಸ್ಟೈಲ್‌ಗಳ ಬಗ್ಗೆ ನನ್ನ ಅಭಿಪ್ರಾಯ ಬರೆಯದಿರುವುದೇ ಒಳ್ಳೆಯದು.

ಬಲ ಬಾಲ ಆಗದಂತೆ

ಇದು ಕನ್ನಡದಂಥ ಭಾಷೆಗಳಲ್ಲಿ ಹಾಡಿಸುವವರಿಗೆ ಇರುವ ತೊಂದರೆ, ಇಂಗ್ಲಿಷ್ ಕೈಪಿಡಿಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮಂಗಳೂರಿಗೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಬಂದರು. ಅವರ ಮತ್ತು ಅವರ ಹಿಂದೆ ಬಂದವರ ಜೊತೆ ಜರ್ಮನ್ ಧಾಟಿಗಳೂ ಹಡಗು ಹತ್ತಿ ಬಂದವು. ಬೆಂಚಿನಲ್ಲಿ ಕೂತ ಸಾಮಾನ್ಯ ಜನವೇ ಹಾಡಬೇಕು, ತಮ್ಮ ಭಾಷೆಯಲ್ಲೇ ಹಾಡಬೇಕು ಎನ್ನುವುದು ಅವರಿಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರನಿಂದ ಬಂದ ರೂಢಿ. 1524ರಲ್ಲಿ ಲೂಥರನ ಕಡೆಯವರು ಅಚ್ಚು ಹಾಕಿಸಿದ ಮೊದಲ ಹಾಡಿನ ಪುಸ್ತಕದಲ್ಲಿ ಇದ್ದದ್ದು ಎಂಟೇ ಹಾಡು. (ಹೊಸ ಹಾಡು ಇಲ್ಲ ಎಂದು ಗೊಣಗುವ ನಮ್ಮ ಯುವಕರಿಗೆ ನಾನು ಈ ಎಂಟರ ಕಥೆ ಆಗಾಗ ಹೇಳುತ್ತೇನೆ.) ಆ ಧಾಟಿಗಳಿಗೆ ಕನ್ನಡದ ಮಾತು ಕೂರಿಸಿದರು. ಅಲ್ಲಿ ಸಮಸ್ಯೆ ಬಂತು.

ಕನ್ನಡದಲ್ಲಿ ಅಕ್ಷರ ಹ್ರಸ್ವವೋ ದೀರ್ಘವೋ ಎನ್ನುವುದರ ಮೇಲೆ ಅರ್ಥ ನಿಂತಿದೆ. ಜರ್ಮನ್ ಧಾಟಿಗೆ ಅದರ ಗೊಡವೆ ಇಲ್ಲ. ಹ್ರಸ್ವ ಅಕ್ಷರ ಉದ್ದ ಸ್ವರದ ಮೇಲೆ ಬಿದ್ದರೆ "ನಿನ್ನ ಬಲ" ಎನ್ನುವುದು "ನಿನ್ನ ಬಾಲ" ಆಗುತ್ತದೆ. ದೇವರ ಕರ ಖಾರವಾಗುತ್ತದೆ. ಸಂಡೇ ಸ್ಕೂಲ್ ಮಕ್ಕಳು ಮುಸಿಮುಸಿ ನಗುತ್ತಾರೆ. ಅವರ ತಪ್ಪಲ್ಲ, ಅವರು ಮಾತ್ರವೇ ಪದಗಳನ್ನು ಕೇಳುತ್ತಿರುವವರು.

ಹಾಡು ಆರಿಸುವ ಮೊದಲು ಮನೆಯಲ್ಲಿ ಮೂರು ಸಲ ಓದಿ. ಮೊದಲು ಮಾತಿನ ಹಾಗೆ ಓದಿ. ಆಮೇಲೆ ಧಾಟಿಯ ತಾಳಕ್ಕೆ ಚಪ್ಪಾಳೆ ತಟ್ಟುತ್ತಾ ಓದಿ. ಕೊನೆಗೆ ಹಾಡಿ. ಎರಡನೇ ಸಲ ಓದುವಾಗ ಎಲ್ಲಿ ನಾಲಿಗೆ ಎಡವಿತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದೆರಡು ಕಡೆಯಾದರೆ ಆ ಸ್ವರವನ್ನು ಎರಡಾಗಿ ಒಡೆದು, ಹ್ರಸ್ವವನ್ನು ಚಿಕ್ಕದಾಗೇ ಹಾಡಿ, ಉಳಿದ ಸಮಯವನ್ನು ಮುಂದಿನ ಅಕ್ಷರಕ್ಕೆ ಕೊಡಬಹುದು. ಸಾಲಿಗೊಂದು ಎಡವಿದರೆ ಧಾಟಿಯನ್ನೇ ಬದಲಿಸಿ. ಒಂದು ಸಾಲಿಗೆ ಎಷ್ಟು ಅಕ್ಷರ ಎಂದು ಎಣಿಸಿ. ನಾಲ್ಕು ಸಾಲಿಗೂ ಎಂಟೆಂಟು ಬಂದರೆ, ಎಂಟೆಂಟರ ಬೇರೆ ಯಾವ ಧಾಟಿಯನ್ನಾದರೂ ಹಾಕಿ ನೋಡಬಹುದು. ನಾನು ಮೇಲೆ ಹೇಳಿದ ಜಿನೀವಾದ ಧಾಟಿಯೂ ಅದೇ ಲೆಕ್ಕದ್ದು. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ಸ್ವರಗಳೂ ಸಮ. ಕನ್ನಡಕ್ಕೆ ಅದು ಅಷ್ಟೊಂದು ಹಿಂಸೆ ಕೊಡುವುದಿಲ್ಲ.

ಈ ಕಷ್ಟ ಮಿಶನರಿಗಳಲ್ಲೇ ಕೆಲವರಿಗೆ ಗೊತ್ತಿತ್ತು. ನಿಘಂಟಿನ ಕಿಟ್ಟೆಲ್ ಇದ್ದಾರಲ್ಲ, ಅವರು 1862ರಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ' ಎಂದು ನಮ್ಮದೇ ಛಂದಸ್ಸಿನಲ್ಲಿ ಬರೆದರು. 1875ರಲ್ಲಿ ಕನ್ನಡ ಛಂದಸ್ಸಿನ ಹಳೆಯ ಗ್ರಂಥ, ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಹೊರತಂದರು. ಗುರು ಲಘು ತಿಳಿಯದೆ ಕನ್ನಡದಲ್ಲಿ ಹಾಡು ಕಟ್ಟಲಾಗದು ಎಂದು ಆ ಜರ್ಮನ್ ಮನುಷ್ಯನಿಗೆ ಅರ್ಥವಾಗಿತ್ತು. ಇವತ್ತು ಇಂಗ್ಲಿಷ್ ಹಾಡುಗಳನ್ನು ಒಂದೇ ರಾತ್ರಿಯಲ್ಲಿ ಕನ್ನಡ ಮಾಡಿ ಆದಿತ್ಯವಾರ ಪ್ರೊಜೆಕ್ಟರಿಗೆ ಹಾಕುವವರು ಇಷ್ಟನ್ನಾದರೂ ತಿಳಿದುಕೊಂಡರೆ ಸಾಕು.

ಪಲ್ಲವಿ, ಚರಣ ಇರುವ ದೇಶೀ ಧಾಟಿಯ ಹಾಡುಗಳಲ್ಲಿ ಈ ತಕರಾರೇ ಕಡಿಮೆ. ಒಬ್ಬರು ಹೇಳಿಕೊಡುವುದು, ಎಲ್ಲರೂ ತಿರುಗಿ ಹಾಡುವುದು. ಪುಸ್ತಕ ಬೇಡ, ಕನ್ನಡಕ ಬೇಡ, ಓದು ಬರಬೇಕಾಗಿಯೂ ಇಲ್ಲ. ಹೊಸ ಹಾಡು ಕಲಿಸುವುದಾದರೆ, ಅದು ಯಾವ ಧಾಟಿಯದೇ ಆಗಲಿ, ಹೀಗೆ ಸಾಲು ಸಾಲಾಗಿ ಹೇಳಿಕೊಟ್ಟೇ ಕಲಿಸಿ.

ಹೊಸದು ಎಷ್ಟು, ಹಳೆಯದು ಎಷ್ಟು

ನಮ್ಮಲ್ಲಿ ಒಂದು ಆರಾಧನೆಗೆ ಐದು ಹಾಡು. ನಾಲ್ಕು ಗೊತ್ತಿರುವುದು, ಹೊಸದು ಒಂದೇ. ಆ ಒಂದನ್ನು ನಾಲ್ಕು ವಾರ ಬಿಡದೆ ಹಾಡಿಸುತ್ತೇನೆ. ಮೂರನೇ ವಾರ ಯಾರಾದರೂ "ಮತ್ತೆ ಅದೇನಾ?" ಎಂದರೆ ಸಂತೋಷಪಡಿ, ಅವರಿಗೆ ಅದು ಬಂದಿದೆ ಎಂದರ್ಥ. ನಮ್ಮ ಅಕ್ಕಪಕ್ಕದ ಕೊಂಕಣಿ ಕ್ಯಾಥೊಲಿಕರ ಮೊಂತಿ ಫೆಸ್ತ್ ನೋಡಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುತ್ತಾರೆ, ಮರಿಯಮ್ಮನಿಗೆ ಹೂ ಹಾಕುತ್ತಾ ಹಾಡುತ್ತಾರೆ. ಎಲ್ಲರೂ ಜೊತೆಗೆ ಸೇರೋಣ ಎಂಬ ಮಾತಿನಿಂದಲೇ ಆ ಹಾಡು ಶುರು. ವರ್ಷ ವರ್ಷವೂ ಅದೇ. ಮೂರು ವರ್ಷದ ಮಗುವಿಗೂ ಬಾಯಿಪಾಠ. ಯಾರೂ ಎದುರು ನಿಂತು ಕಲಿಸಿದ್ದಲ್ಲ.

ಒಂದು ನೋಟ್‌ಬುಕ್ ಇಡಿ. ತಾರೀಕು, ಹಾಡಿನ ನಂಬರು, ಶ್ರುತಿ, ಹೇಗೆ ಹೋಯಿತು, ಇಷ್ಟು ಬರೆದರೆ ಸಾಕು. "ಮೂರನೇ ಚರಣ ಕುಸಿಯಿತು", "ಗಂಡಸರ ಕಡೆ ಚೆನ್ನಾಗಿ ಬಂತು", "ಕರೆಂಟ್ ಇಲ್ಲ, ಇದೇ ಒಳ್ಳೆಯದಾಯಿತು". ಒಂದು ಡಿಸೆಂಬರಿನಲ್ಲಿ ಸುಮ್ನೆ ಕೂತು ಎಣಿಸಿದೆ. ಪುಸ್ತಕದಲ್ಲಿ ನೂರಾರು ಹಾಡಿದ್ದರೂ ಆ ವರ್ಷ ನಾವು ತಿರುಗಿಸಿ ಮುರುಗಿಸಿ ಹಾಡಿದ್ದು ಮೂವತ್ತೆಂಟು. ಅದರಲ್ಲಿ ಹನ್ನೊಂದು ನನಗೆ ಇಷ್ಟವಾದವು ಎಂಬ ಒಂದೇ ಕಾರಣಕ್ಕೆ ಬಂದಿದ್ದವು. ಆಮೇಲಿನಿಂದ ತಿಂಗಳಿಗೆ ಒಂದು ಹಾಡನ್ನು ಬೆಂಚಿನವರು ಆರಿಸುತ್ತಾರೆ. ತುಳು ಹಾಡುಗಳು ಮತ್ತೆ ಬಂದದ್ದು ಹಾಗೆ. ಪುಸ್ತಕ ಮುಟ್ಟದೆ ಆರು ಚರಣ ಹಾಡುವ ಅಜ್ಜಿಯಂದಿರು ನಮ್ಮಲ್ಲಿ ಇಬ್ಬರಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಪುಸ್ತಕವೋ ಪರದೆಯೋ ಎಂದು ಕೇಳುತ್ತಾರೆ. ಪರದೆ ನೋಡಿದರೆ ಮುಖ ಮೇಲಿರುತ್ತದೆ, ದನಿ ಚೆನ್ನಾಗಿ ಬರುತ್ತದೆ. ಪುಸ್ತಕವಾದರೆ ಇಬ್ಬರು ಹಂಚಿಕೊಳ್ಳಬೇಕಾಗುತ್ತದೆ, ಹತ್ತಿರ ನಿಲ್ಲಬೇಕಾಗುತ್ತದೆ. ನಮ್ಮಲ್ಲಿ ಎರಡೂ ಇದೆ. ಕಣ್ಣು ಮಂದವಾದ ಏಳು ಜನರಿಗೆ ಮಾತ್ರ ಆ ವಾರದ ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತೇವೆ. ವಾರಕ್ಕೆ ಇಪ್ಪತ್ತೊಂದು ಹಾಳೆ.

ಮುಂದೆ ಬನ್ನಿ ಎಂದರೆ ಯಾರೂ ಬರುವುದಿಲ್ಲ

ಇನ್ನೂರು ಜನರ ಜಾಗದಲ್ಲಿ ಐವತ್ತು ಜನ ಮೂಲೆಗೊಬ್ಬರಂತೆ ಕೂತರೆ ಯಾರಿಗೂ ಯಾರ ದನಿಯೂ ಕೇಳುವುದಿಲ್ಲ. ಪ್ರತಿಯೊಬ್ಬರಿಗೂ ತಾನೊಬ್ಬನೇ ಹಾಡುತ್ತಿದ್ದೇನೆ ಎಂಬ ನಾಚಿಕೆ. ನಾಚಿಕೆಯಾದವರು ಬಾಯಿ ಮುಚ್ಚುತ್ತಾರೆ. ಹತ್ತಿರ ಕೂರಿಸುವುದೇ ಅರ್ಧ ಕೆಲಸ. ಆದರೆ ಅದೇ ಅತಿ ಕಷ್ಟ.

ಮೊದಲು ಹಿಂದಿನ ಎಂಟು ಬೆಂಚುಗಳಿಗೆ ಹಗ್ಗ ಕಟ್ಟಿಸಿದೆ. ಎರಡು ಕುಟುಂಬಗಳು ನನ್ನ ಜೊತೆ ಮಾತು ಬಿಟ್ಟವು. ಒಬ್ಬರು ಹಗ್ಗ ಬಿಚ್ಚಿ ತಮ್ಮ ತಂದೆ ಕೂರುತ್ತಿದ್ದ ಜಾಗದಲ್ಲೇ ಕೂತರು, ಅದು ಅವರ ಹಕ್ಕು ಎನ್ನುವ ಹಾಗೆ. ಯೋಚಿಸಿದರೆ ಅದೂ ನ್ಯಾಯವೇ. ಸಭಾಪಾಲಕರು ಮೈಕಿನಲ್ಲಿ "ದಯವಿಟ್ಟು ಮುಂದೆ ಬನ್ನಿ" ಎಂದು ಮೂರು ವಾರ ಹೇಳಿದರು. ಎಲ್ಲರೂ ನಗುತ್ತಾ ಅಲ್ಲೇ ಕೂತರು. ಕೊನೆಗೆ ಕೆಲಸ ಮಾಡಿದ್ದು ಫ್ಯಾನು. ಮಾರ್ಚ್ ತಿಂಗಳ ಸೆಕೆಯಲ್ಲಿ ಮುಂದಿನ ಹತ್ತು ಬೆಂಚಿನ ಮೇಲಿನ ಫ್ಯಾನುಗಳನ್ನು ಮಾತ್ರ ಹಾಕಿಸಿದೆ. ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ ಎಂದು ಕಾರಣ ಕೊಟ್ಟೆ, ಅದು ಸುಳ್ಳೂ ಅಲ್ಲ. ಈಸ್ಟರ್ ಹೊತ್ತಿಗೆ ಎಲ್ಲರೂ ಮುಂದಿದ್ದರು. ತಂದೆಯ ಜಾಗದವರು ಮಾತ್ರ ಇವತ್ತಿಗೂ ಬೀಸಣಿಗೆ ತರುತ್ತಾರೆ.

ಕಿಟಕಿ ಮುಚ್ಚಬೇಡಿ. ಒಟ್ಟಿಗೆ ಹಾಡುವುದು ಎಂದರೆ ಒಂದೇ ಗಾಳಿಯನ್ನು ಹಂಚಿಕೊಳ್ಳುವುದು. 2020ರ ಮಾರ್ಚಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ ಅಭ್ಯಾಸಕ್ಕೆ ಬಂದ 61 ಜನರಲ್ಲಿ 53 ಮಂದಿ ಕೊರೊನಾದಿಂದ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಕೆಮ್ಮು ಇರುವವರಿಗೆ ಕಿಟಕಿ ಪಕ್ಕ ಜಾಗ ಕೊಡಿ, ಜ್ವರ ಇದ್ದರೆ ಮನೆಗೆ ಹೋಗಿ ಮಲಗಲು ಹೇಳಿ. ಇದರಲ್ಲಿ ಸಂಕೋಚ ಬೇಡ.

ಅಭ್ಯಾಸಕ್ಕೆಂದು ಬೇರೆ ದಿನ ಕರೆದರೆ ಗಾಯನ ಮಂಡಳಿಯವರು ಮಾತ್ರ ಬರುತ್ತಾರೆ. ಆರಾಧನೆ ಮುಗಿದ ಮೇಲೆ ಚಾ ಕೊಡಿ, ಚಾದ ಜೊತೆ ಏನಾದರೂ ಇರಲಿ. ನಮ್ಮಲ್ಲಿ ಹೆಂಗಸರು ಸರದಿಯಲ್ಲಿ ಗೋಳಿಬಜೆ ಮಾಡುತ್ತಾರೆ. ಲೋಟ ಕೈಯಲ್ಲಿರುವಾಗಲೇ ಹತ್ತು ನಿಮಿಷ ಮುಂದಿನ ವಾರದ ಹೊಸ ಹಾಡಿನ ಒಂದು ಚರಣ ಹಾಡಿಸಿಬಿಡಿ. ಬೆಳೆ ಹಬ್ಬದ ದಿನ ಏಲಂ ನಡೆಯುವಾಗ ಒಂದು ಕುಂಬಳಕಾಯಿಗೂ ಇನ್ನೊಂದಕ್ಕೂ ನಡುವೆ ಹಾಡು ಕಲಿಸಿದ್ದೇನೆ. ಆ ದಿನ ಕಲಿತ ಹಾಡನ್ನು ಯಾರೂ ಮರೆತಿಲ್ಲ.

ದನಿ ಇಲ್ಲ ಎನ್ನುವವರು

"ನನಗೆ ಸ್ವರ ಇಲ್ಲ ಟೀಚರ್" ಎಂದು ಪ್ರತಿ ಚರ್ಚಿನಲ್ಲೂ ಹತ್ತು ಜನ ಹೇಳುತ್ತಾರೆ. ಕೇಳಿ ನೋಡಿದರೆ ಬಾಲ್ಯದಲ್ಲಿ ಯಾರೋ ಅವರಿಗೆ ಹಾಗೆ ಹೇಳಿರುತ್ತಾರೆ. ಅವರನ್ನು ಗಟ್ಟಿಯಾಗಿ, ಸರಿಯಾಗಿ ಹಾಡುವ ಒಬ್ಬರ ಪಕ್ಕ ಕೂರಿಸಿ. ಏನೂ ಹೇಳಬೇಡಿ. ಆರು ತಿಂಗಳಲ್ಲಿ ಕಿವಿ ದಾರಿ ಹಿಡಿಯುತ್ತದೆ. ಹಿಡಿಯದಿದ್ದರೂ ನಡೆಯುತ್ತದೆ. ಐವತ್ತು ದನಿಗಳ ನಡುವೆ ತಪ್ಪಿದ ಒಂದು ದನಿ ಹಾಡನ್ನು ಕೆಡಿಸುವುದಿಲ್ಲ.

ಇದನ್ನು ನಾನು ತಡವಾಗಿ ತಿಳಿದೆ. ಹಾಡಿಸಲು ಶುರುಮಾಡಿದ ಹೊಸತರಲ್ಲಿ ನನಗೆ ಸ್ವಲ್ಪ ಜಂಬ ಇತ್ತು. ಮೂರನೇ ಬೆಂಚಿನಲ್ಲಿ ಒಬ್ಬರು, ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುತ್ತಿದ್ದವರು, ದುಂಬಿಯ ಹಾಗೆ ಒಂದೇ ಸ್ವರದಲ್ಲಿ, ಆದರೆ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು. ಕ್ರಿಸ್ಮಸ್ಸಿಗೆ ಹದಿನೈದು ದಿನ ಇರುವಾಗ ನಾನು ಹೋಗಿ, "ಮಾಮ, ನೀವು ಸ್ವಲ್ಪ ಮೆಲ್ಲಗೆ ಹಾಡಿದರೆ ಒಳ್ಳೆಯದಿತ್ತು" ಎಂದೆ. ನಯವಾಗಿಯೇ ಹೇಳಿದೆ ಎಂದುಕೊಂಡಿದ್ದೆ. ಅವರು "ಆಯಿತು ಮಗಾ" ಎಂದರು. ಮರುವಾರದಿಂದ ಅವರ ತುಟಿ ಅಲ್ಲಾಡುತ್ತಿತ್ತು, ಶಬ್ದ ಇರಲಿಲ್ಲ. ಮತ್ತೆ ಹಾಡಿ ಎಂದು ಎರಡು ಸಲ ಕೇಳಿಕೊಂಡೆ. ನಕ್ಕರು. ಹದಿನಾಲ್ಕು ವರ್ಷ ಅದೇ ಬೆಂಚಿಗೆ ಬಂದರು, ಹಾಡಲಿಲ್ಲ, ತೀರಿಕೊಂಡರು. ಲಾಕ್‌ಡೌನಿನ ಆ ಪರದೆಯ ಮೇಲೆ ಶಬ್ದವಿಲ್ಲದ ತುಟಿಗಳನ್ನು ನೋಡಿದಾಗ ನನಗೆ ನೆನಪಾದದ್ದು ಅವರೇ.

ಹಾಗಾಗಿ ಯಾರನ್ನೂ ತಿದ್ದಬೇಡಿ. ಗಾಯನ ಮಂಡಳಿಯವರನ್ನು ಅಭ್ಯಾಸದಲ್ಲಿ ಎಷ್ಟು ಬೇಕಾದರೂ ತಿದ್ದಿ, ಅವರು ಅದಕ್ಕೆಂದೇ ಬಂದಿರುತ್ತಾರೆ. ಬೆಂಚಿನವರನ್ನು ಬೇಡ.

ಈ ಬರುವ ಆದಿತ್ಯವಾರ ಕೀಬೋರ್ಡಿನ ಹುಡುಗನಿಗೆ ಪರೀಕ್ಷೆಯಂತೆ, ಬರುವುದಿಲ್ಲ. ಪೆಟ್ಟಿಗೆಯಲ್ಲಿದ್ದ ಹಾರ್ಮೋನಿಯಂ ತೆಗೆದು ಒರೆಸಿ ಇಟ್ಟಿದ್ದೇನೆ, ಅದರ ಒಂದು ಸ್ವರದ ಮನೆ ಕಿರುಗುಡುತ್ತದೆ. ನಾಲ್ಕು ಹಳೆಯದು, ಒಂದು ಹೊಸದು. ಹೊಸದರ ಎರಡನೇ ಚರಣದಲ್ಲಿ ಒಂದು "ಬಲ" ಇದೆ, ಅಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ.